ಹೆಸರಿಗಿಂತ ಮೊದಲು ದಾಖಲೆ: ಉತ್ತರ ಕನ್ನಡದ ಗಿಡಮರ ಗುರುತಿಸಿ ಬರೆದಿಡಲು ಯಾವ ದಾರಿ ಒಳ್ಳೆಯದು?

ಶಿರಸಿ ಕಡೆಯ ಶಾಲಾ ಶಿಕ್ಷಕರು, ಕಾರವಾರದ ಕಾಲೇಜು ವಿದ್ಯಾರ್ಥಿಗಳು, ತೋಟದ ಜೊತೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ಕಡಿಯುವ ಕಾಡು) ಇಟ್ಟುಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಕಂಡ ಗಿಡವನ್ನು ಗುರುತಿಸಿ ದಾಖಲಿಸಬೇಕು. ಐನ್ಯಾಚುರಲಿಸ್ಟ್ ಆ್ಯಪ್ ಹಾಕಿಕೊಳ್ಳಲೋ, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ಲಿಗೆ ಹೋಗಲೋ, ಪ್ಲಾಂಟ್‌ನೆಟ್ ಸಾಕೋ? ಗೂಗಲ್ ಲೆನ್ಸ್ ಇರುವಾಗ ಇವೆಲ್ಲ ಯಾಕೆ? ಪಂಚಾಯ್ತಿಯ ಜೀವವೈವಿಧ್ಯ ದಾಖಲಾತಿಗೂ ಇದಕ್ಕೂ ಸಂಬಂಧ ಇದೆಯೇ?

ಇವುಗಳಲ್ಲಿ ಹೆಸರು ಹೇಳುವ ಸಾಧನಗಳು ಕೆಲವು, ದಾಖಲೆ ಇಡುವ ಜಾಗಗಳು ಕೆಲವು. ಗೊಂದಲದ ಅರ್ಧ ಭಾಗ ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದರಿಂದಲೇ ಹುಟ್ಟುತ್ತದೆ.

ಯಾವುದರಿಂದ ಅಳೆಯಬೇಕು

ಹೆಸರು ತಪ್ಪಾಗಿದ್ದರೆ ಹತ್ತು ವರ್ಷದ ಮೇಲೂ ತಿದ್ದಬಹುದು. ನೋಡಿದ ದಿನ, ಜಾಗ ಮತ್ತು ಗುರುತು ತೋರಿಸುವ ಫೋಟೊ ಇಲ್ಲದಿದ್ದರೆ ಆ ದಾಖಲೆಯನ್ನು ಯಾವ ತಜ್ಞರೂ ಸರಿಮಾಡಲಾರರು. ಹಾಗಾಗಿ ಮೊದಲು ನೋಡಬೇಕಾದ್ದು ಸಾಕ್ಷ್ಯ ಉಳಿಯುತ್ತದೆಯೇ ಎಂಬುದನ್ನು. ಎರಡನೆಯದು, ನೀವು ಕೊಟ್ಟ ಹೆಸರನ್ನು ಬೇರೆಯವರು ನೋಡಿ ತಿದ್ದುವ ವ್ಯವಸ್ಥೆ ಇದೆಯೇ. ಮೂರನೆಯದು ನಮ್ಮ ಜಿಲ್ಲೆಯ ಮಟ್ಟಿಗೆ ಬಹಳ ಮುಖ್ಯ: ಅಪರೂಪದ ಗಿಡದ ನಿಖರ ಜಾಗವನ್ನು ಮುಚ್ಚಿಡಬಹುದೇ. ಆಮೇಲೆ, ಘಟ್ಟದ ಕಾನಿನಲ್ಲಿ ನೆಟ್‌ವರ್ಕ್ ಇಲ್ಲದಾಗ ಕೆಲಸ ನಡೆಯುತ್ತದೆಯೇ, ದಾಖಲೆ ಕೊನೆಗೆ ಎಲ್ಲಿಗೆ ಹೋಗುತ್ತದೆ, ವಾರಕ್ಕೆ ಎಷ್ಟು ಹೊತ್ತು ಬೇಡುತ್ತದೆ. ದುಡ್ಡಿನ ಮಾತು ಕೊನೆಗೆ ಬಂದರೂ ನಡೆದೀತು. ಆ್ಯಪ್‌ಗಳು ಉಚಿತ, ಕೈಯಲ್ಲಿರುವ ಫೋನೇ ಸಾಕು. ಹತ್ತು ಪಟ್ಟು ಹಿಗ್ಗಿಸುವ ಮಸೂರ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಖರ್ಚು ಮಾಡುವುದಿದ್ದರೆ ಅದಕ್ಕೇ ಮಾಡಿ, ಹೊಸ ಫೋನಿಗಲ್ಲ.

ಯಾವ ದಾರಿ ಹಿಡಿದರೂ ಬೇಕಾದ ಫೋಟೊಗಳು

ತಪ್ಪು ಗುರುತಿಗೆ ಆ್ಯಪನ್ನು ದೂರುವುದು ಸುಲಭ. ಹೆಚ್ಚಿನ ತಪ್ಪು ಹುಟ್ಟುವುದು ಒಂದೇ ಒಂದು ಫೋಟೊದಿಂದ: ಮೇಲಿನಿಂದ ತೆಗೆದ ಎಲೆ, ಸುತ್ತ ಹಸಿರು. ಇಡೀ ಗಿಡ ಅಥವಾ ಮರದ ನಿಲುವು, ರೆಂಬೆಯಲ್ಲಿ ಎಲೆ ಜೋಡಣೆ (ಎದುರುಬದುರೋ ಪರ್ಯಾಯವೋ), ಎಲೆಯ ಮೇಲ್ಬದಿ, ಹಿಂಬದಿ, ತೊಟ್ಟಿನ ಬುಡ, ಹೂವಿನ ಮುಖ ಮತ್ತು ಪಕ್ಕದ ನೋಟ, ಕಾಯಿ, ತೊಗಟೆ. ಇಷ್ಟಿದ್ದರೆ ಮಾತ್ರ ಗುರುತಿಸುವವರಿಗೆ ಹಿಡಿ ಸಿಗುತ್ತದೆ. ಒಂದರಲ್ಲಾದರೂ ಅಳತೆಪಟ್ಟಿಯೋ ನಾಣ್ಯವೋ ಇರಲಿ. ಎಲ್ಲ ಫೋಟೊಗಳೂ ಒಂದೇ ಗಿಡದವಾಗಿರಬೇಕು. ಪಕ್ಕದ ಮರದ ಹೂ ಸೇರಿಸಿದರೆ ಎರಡು ಜಾತಿ ಒಂದೇ ದಾಖಲೆಯಲ್ಲಿ ಕೂತುಬಿಡುತ್ತವೆ.

ಎಲ್ಲಿ ಯಾವ ಫೋಟೊ ನಿರ್ಣಾಯಕ ಎಂಬುದಕ್ಕೆ ಕೆಲವು ಸ್ಥಳೀಯ ಉದಾಹರಣೆ. ಅಘನಾಶಿನಿ, ಕಾಳಿ ಅಳಿವೆಗಳಲ್ಲಿ ಕಾಂಡ್ಲಾ ಎಂದು ಸುಮ್ಮನೆ ಕರೆಯುವ ರೈಜೋಫೊರಾ ಕುಲದಲ್ಲಿ ಎರಡು ಜಾತಿ ಬೆರೆತುಹೋಗುತ್ತವೆ. ಉದ್ದ ತೊಟ್ಟಿನ ಕವಲೊಡೆದ ಗೊಂಚಲು, ದಳದ ಅಂಚಿನಲ್ಲಿ ರೋಮ ಇದ್ದರೆ ಮ್ಯುಕ್ರೊನೇಟಾ. ಗಿಡ್ಡ ದಪ್ಪ ತೊಟ್ಟಿನಲ್ಲಿ ಎರಡೇ ಹೂ, ದಳ ನುಣುಪಾಗಿದ್ದರೆ ಎಪಿಕ್ಯುಲೇಟಾ. ದೋಣಿಯಿಂದ ತೆಗೆದ ಬೇರಿನ ಫೋಟೊ ಎಷ್ಟೇ ಚೆಂದ ಬಂದರೂ ಇದನ್ನು ಹೇಳಲಾರದು. ಅಳಿವೆಯ ಇನ್ನೊಂದು ಕುಲವಾದ ಅವಿಸೀನಿಯಾದಲ್ಲಿ ಎಲೆತುದಿ ದುಂಡಗಿದ್ದು ಹೂ ದೊಡ್ಡದಿದ್ದರೆ ಅಫಿಷಿನಾಲಿಸ್. ಎಲೆ ಚೂಪಾಗಿ, ಹಿಂಬದಿ ಬೂದುಬಿಳಿಯಾಗಿ, ಹೂ ಚಿಕ್ಕದಿದ್ದರೆ ಮರಿನಾ.

ಉಪ್ಪಾಗೆ ಮತ್ತು ಮುರುಗಲು ಎರಡೂ ಗಾರ್ಸಿನಿಯಾ ಕುಲದವು. ಕಾಯಿ ಇದ್ದರೆ ಮಗುವೂ ಹೇಳುತ್ತದೆ: ಉಪ್ಪಾಗೆಯದು ಕುಂಬಳದ ಹಾಗೆ ಗೀರುಗೀರಾದ ಹಳದಿ ಹಣ್ಣು, ಮುರುಗಲಿನದು ನುಣುಪಾದ ಕಡುಕೆಂಪು. ಕಾಯಿ ಇಲ್ಲದ ಎಳೆ ಮರದಲ್ಲಿ ಆ್ಯಪ್ ಎರಡನ್ನೂ ಅದಲುಬದಲು ಮಾಡುವ ಸಂಭವವಿದೆ. ಗಂಡುಮರ ಹೆಣ್ಣುಮರ ಬೇರೆ ಬೇರೆ ಇರುವ ಕುಲ ಇದು, ಹಾಗಾಗಿ ಕಾಯಿಗೆ ಕಾದು ಕೂತರೂ ಕೆಲವು ಮರ ಕಾಯಿ ಬಿಡುವುದೇ ಇಲ್ಲ. ಗಂಡುಹೂವಿನ ಫೋಟೊ ತೆಗೆದಿಡಿ. ಮತ್ತಿ ಮತ್ತು ಕಿಂದಳದಲ್ಲೂ ಕಾಯಿಯೇ ಸಾಕ್ಷಿ. ಮತ್ತಿಯದಕ್ಕೆ ಐದು ಅಗಲ ರೆಕ್ಕೆ, ಕಿಂದಳದ್ದಕ್ಕೆ ಒಂದು ದೊಡ್ಡ ರೆಕ್ಕೆ, ಎರಡು ಚಿಕ್ಕವು. ಉದುರಿದ ಒಣ ಕಾಯಿ ಮರದ ಬುಡದಲ್ಲಿ ತಿಂಗಳುಗಟ್ಟಲೆ ಸಿಗುತ್ತದೆ, ಆದರೆ ಮೇಲೆ ಇರುವ ಮರ ಯಾವುದು ಎಂದು ತಲೆ ಎತ್ತಿ ನೋಡಿ. ಗಾಳಿಗೆ ಹಾರುವುದಕ್ಕೇ ಆ ರೆಕ್ಕೆ.

ಎಲೆ ನಂಬಿ ಕೆಡುವ ಎರಡು ಸಂದರ್ಭ ನಮ್ಮಲ್ಲಿ ಪದೇಪದೇ ಬರುತ್ತವೆ. ಒಂದು, ಸಸಿಯ ಎಲೆ. ಹೆಬ್ಬಲಸಿನ ಸಸಿಯಲ್ಲಿ ಎಲೆ ಆಳವಾಗಿ ಸೀಳಿರುತ್ತದೆ, ದೊಡ್ಡ ಮರದಲ್ಲಿ ಸೀಳೇ ಇಲ್ಲ. ಸಸಿಯ ಫೋಟೊ ಹಾಕಿದರೆ ದೀವಿಹಲಸು ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಇನ್ನೊಂದು, ಸೊಪ್ಪು ಕಡಿದ ಬೆಟ್ಟದ ಮರಗಳು. ಕಡಿದ ಜಾಗದಲ್ಲಿ ಒಡೆದ ಚಿಗುರಿನ ಎಲೆ ಮಾಮೂಲಿಗಿಂತ ಎಷ್ಟೋ ದೊಡ್ಡದಾಗಿರುತ್ತದೆ, ಆಕಾರವೂ ಬದಲಾಗಬಹುದು. ವರ್ಷವರ್ಷ ಸೊಪ್ಪು ಕಡಿಸಿಕೊಂಡ ಮರ ಹೂ ಬಿಡುವುದೂ ಕಮ್ಮಿ. ಅಂಥ ಮರಕ್ಕೆ ಟಿಪ್ಪಣಿಯಲ್ಲಿ ‘ಸೊಪ್ಪು ಕಡಿದ ಮರ, ಹೊಸ ಚಿಗುರಿನ ಎಲೆ’ ಎಂದು ಬರೆಯಿರಿ.

ಎಲೆ ಹಿಸುಕಿ ವಾಸನೆ ನೋಡಿ ಎಂಬ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಹೊಳಗೇರಿನ ರಸ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಅದರ ಎಲೆತೊಟ್ಟಿನ ಮೇಲೆ ಎರಡು ಪುಟ್ಟ ಮುಳ್ಳಿನಂಥ ಎಸಳು ಇರುತ್ತವೆ, ಅದನ್ನು ಮುಟ್ಟದೆಯೇ ನೋಡಿ ಗುರುತಿಸಬಹುದು. ಅಳಿವೆಯಂಚಿನ ಎಕ್ಸೊಕೇರಿಯಾ ಅಗಲೊಚಾ ಎಂಬ ಮರದ ಹಾಲು ಕಣ್ಣಿಗೆ ಅಪಾಯ.

ಗೂಗಲ್ ಲೆನ್ಸ್, ಪ್ಲಾಂಟ್‌ನೆಟ್, ಸೀಕ್: ಹೆಸರಿನ ಸುಳಿವಿಗೆ

ಲೆನ್ಸ್ ಬಗ್ಗೆ ಬಹಳ ಹೇಳುವುದಿಲ್ಲ. ಹೆಸರು ತೋರಿಸುತ್ತದೆ, ಮುಗಿಯಿತು. ನಾಗರಿಕ ವಿಜ್ಞಾನಕ್ಕೆ (ಜನಸಾಮಾನ್ಯರು ಸೇರಿ ಮಾಡುವ ವಿಜ್ಞಾನದ ಕೆಲಸಕ್ಕೆ) ದಾಖಲೆ ಉಳಿಯುವುದಿಲ್ಲ, ತಿದ್ದುವವರೂ ಇಲ್ಲ. ಪೇಟೆ ತೋಟದ ಅಲಂಕಾರ ಗಿಡಕ್ಕೆ ಸಾಕು.

ಪ್ಲಾಂಟ್‌ನೆಟ್ ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳು ಸೇರಿ ಕಟ್ಟಿದ್ದು. ಇದು ಎಲೆಯೋ ಹೂವೋ ಕಾಯಿಯೋ ತೊಗಟೆಯೋ ಎಂದು ಕೇಳುತ್ತದೆ, ಆ ಒಂದು ಪ್ರಶ್ನೆಯೇ ಹೊಸಬರಿಗೆ ಫೋಟೊ ತೆಗೆಯುವ ಪಾಠ. ಉತ್ತರದ ಪಕ್ಕದಲ್ಲಿ ಶೇಕಡಾ ಅಂಕಿ ಬರುತ್ತದೆ. ಅದನ್ನು ‘ಇಷ್ಟು ಶೇಕಡಾ ಸರಿ’ ಎಂದು ಓದಬಾರದು. ಆ್ಯಪ್‌ಗೆ ಗೊತ್ತಿರುವ ಜಾತಿಗಳ ಪೈಕಿ ಯಾವುದಕ್ಕೆ ಹೆಚ್ಚು ಹೋಲುತ್ತದೆ ಎಂಬುದು ಮಾತ್ರ ಅದರ ಅರ್ಥ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ವಿಜ್ಞಾನಕ್ಕೆ ಪರಿಚಯವಾದದ್ದೇ 2000ರಲ್ಲಿ. ಇಂಥ ಸೀಮಿತ ನೆಲೆಯ ಮರದ ಫೋಟೊ ಜಗತ್ತಿನಲ್ಲೇ ಕಡಿಮೆ ಇರುವಾಗ ಯಂತ್ರ ಹತ್ತಿರದ ಇನ್ನೊಂದು ಹೆಸರನ್ನು ಧೈರ್ಯವಾಗಿ ಮುಂದಿಡುತ್ತದೆ. ಸಮುದ್ರತೀರದ ಅಡಂಬು ಬಳ್ಳಿಗೆ, ಕೇಪಳಕ್ಕೆ, ಕಕ್ಕೆಗೆ ಪ್ಲಾಂಟ್‌ನೆಟ್ ಧಾರಾಳ ಸಾಕು. ಪಶ್ಚಿಮಘಟ್ಟಕ್ಕೆ ಮಾತ್ರ ಸೀಮಿತವಾದ ಜಾತಿಗಳಿಗೆ ಸಾಲದು.

ಸೀಕ್ ಐನ್ಯಾಚುರಲಿಸ್ಟ್‌ನವರದ್ದೇ ಸಣ್ಣ ಆ್ಯಪ್. ಖಾತೆ ತೆರೆಯಬೇಕಿಲ್ಲ, ನೆಟ್‌ವರ್ಕ್ ಇಲ್ಲದೆಯೂ ಗುರುತಿಸುತ್ತದೆ. ಗೊತ್ತಾಗದಿದ್ದರೆ ಕುಲ ಅಥವಾ ಕುಟುಂಬದ ಮಟ್ಟದಲ್ಲೇ ನಿಂತುಬಿಡುತ್ತದೆ, ಅದು ಅದರ ದೊಡ್ಡ ಗುಣ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕೊಡುವುದಿದ್ದರೆ ನಮ್ಮ ಆಯ್ಕೆ ಇದೇ.

ಐನ್ಯಾಚುರಲಿಸ್ಟ್

2008ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳ ಸ್ನಾತಕೋತ್ತರ ಯೋಜನೆಯಾಗಿ ಶುರುವಾದ ಇದು ಈಗ ಲಾಭರಹಿತ ಸಂಸ್ಥೆ. ಬಲ ಇರುವುದು ಗುರುತಿಸುವ ಜನರ ಸಂಖ್ಯೆಯಲ್ಲಿ. ದಿನಾಂಕ, ಜಾಗ, ಫೋಟೊ ಇದ್ದು, ಗಿಡ ನೆಟ್ಟದ್ದಲ್ಲದಿದ್ದು, ಕನಿಷ್ಠ ಇಬ್ಬರು ಗುರುತಿಸಿ, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಜಾತಿಗೆ ಒಪ್ಪಿದರೆ ದಾಖಲೆ ‘ರಿಸರ್ಚ್ ಗ್ರೇಡ್’ ಆಗುತ್ತದೆ. ಮುಕ್ತ ಪರವಾನಗಿ ಇಟ್ಟಿದ್ದರೆ ಅಲ್ಲಿಂದ ಜಾಗತಿಕ ದತ್ತಾಂಶ ಕೋಶವಾದ ಜಿಬಿಐಎಫ್‌ಗೆ ಹೋಗುತ್ತದೆ. ಸಿಗ್ನಲ್ ಇಲ್ಲದ ಕಡೆ ಫೋಟೊ ತೆಗೆದು ಮನೆಗೆ ಬಂದು ಏರಿಸಬಹುದು.

ಇದೇ ನಿಯಮದಲ್ಲಿ ದೌರ್ಬಲ್ಯವೂ ಇದೆ. ಇಬ್ಬರು ಸಾಕು ಎಂದಾದ ಮೇಲೆ, ಒಂದೇ ತರಗತಿಯ ಇಬ್ಬರು ಗೆಳೆಯರು ಪರಸ್ಪರ ‘ಒಪ್ಪಿಗೆ’ ಒತ್ತಿದರೂ ತಪ್ಪು ಹೆಸರಿಗೆ ಮುದ್ರೆ ಬೀಳುತ್ತದೆ. ‘ಒಪ್ಪಿಗೆ’ ಎಂದರೆ ಧನ್ಯವಾದವಲ್ಲ. ನೀವೇ ಸ್ವತಂತ್ರವಾಗಿ ಗುರುತು ನೋಡಿ ಹೇಳಿದ್ದೀರಿ ಎಂಬ ಸಾಕ್ಷ್ಯ. ತಜ್ಞರು ಹೆಸರು ಕೊಟ್ಟ ಕೂಡಲೇ ನಿಮಗೆ ಗೊತ್ತಿಲ್ಲದೆಯೇ ಒಪ್ಪಬೇಡಿ, ಯಾಕೆ ಹಾಗೆ ಎಂದು ಕೇಳಿ. ಗೊತ್ತಿಲ್ಲದಾಗ ‘ಗಾರ್ಸಿನಿಯಾ ಕುಲ’ ಎಂದಷ್ಟೇ ಬರೆಯಿರಿ. ಆ ಕುಲ ಬಲ್ಲವರು ಹುಡುಕುವಾಗ ಅದು ಅವರ ಕಣ್ಣಿಗೆ ಬೀಳುತ್ತದೆ; ತಪ್ಪು ಜಾತಿ ಬರೆದರೆ ಬೇರೆಯೇ ರಾಶಿಯಲ್ಲಿ ಹೂತುಹೋಗುತ್ತದೆ.

ನೆಟ್ಟ ಗಿಡದ ಗುರುತನ್ನು ಬಹಳ ಜನ ಹಾಕುವುದೇ ಇಲ್ಲ. ಕಡಲತೀರದ ಗಾಳಿಮರದ ಸಾಲು, ಗುಡ್ಡದ ಅಕೇಶಿಯಾ ತೋಪು, ಅಂಗಳದ ಸಂಪಿಗೆ ಎಲ್ಲವೂ ನೆಟ್ಟವೇ. ಮುಚ್ಚಿಟ್ಟರೆ ನಾಳೆ ಯಾರೋ ನಕ್ಷೆ ಮಾಡುವಾಗ ಅಂಗಳದ ಗಿಡ ಕಾಡಿನ ಗಿಡವಾಗುತ್ತದೆ. ಒಂದು ವಾರದಲ್ಲಿ ಯಾರು ಹೆಚ್ಚು ಜಾತಿ ದಾಖಲಿಸುತ್ತಾರೆ ಎಂಬ ಸ್ಪರ್ಧೆಗಳಲ್ಲಿ ಈ ಕಾಯಿಲೆ ಹೆಚ್ಚು.

ಜಾಗ ಮುಚ್ಚುವ ವಿಷಯ. ಅಳಿವಿನಂಚಿನದೆಂದು ಗುರುತಾದ ಜಾತಿಗಳ ಜಾಗವನ್ನು ಐನ್ಯಾಚುರಲಿಸ್ಟ್ ತಾನೇ ಮಸುಕು ಮಾಡಿ, 0.2 ಡಿಗ್ರಿಯ ಚೌಕದೊಳಗೆ, ಎಂದರೆ ಸುಮಾರು 22 ಕಿಲೋಮೀಟರ್ ಉದ್ದಗಲದಲ್ಲಿ, ಎಲ್ಲೋ ಒಂದು ಚುಕ್ಕೆ ತೋರಿಸುತ್ತದೆ. ನಮ್ಮಲ್ಲಿ ಕೊಯ್ಲಿಗೆ ಗುರಿಯಾಗುವ ರಾಮಪತ್ರೆ, ಏಕನಾಯಕ, ಸೀತಾಳೆದಂಡೆಯಂಥವು ಆ ಪಟ್ಟಿಯಲ್ಲಿಲ್ಲದಿದ್ದರೆ ನೀವೇ ಕೈಯಾರೆ ‘ಮಸುಕು’ ಆಯ್ಕೆ ಮಾಡಬೇಕು. ಮಾಡಿಯೂ ಟಿಪ್ಪಣಿಯಲ್ಲಿ ಹಳ್ಳದ ಹೆಸರು ಬರೆದರೆ, ಅಥವಾ ಎರಡು ನಿಮಿಷ ಮೊದಲು ತೆಗೆದ ಪಕ್ಕದ ಗಿಡವನ್ನು ನಿಖರ ಜಾಗದೊಂದಿಗೆ ಹಾಕಿದರೆ, ಮುಚ್ಚಿದ್ದು ವ್ಯರ್ಥ.

ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್

ಇದೂ 2008ರದ್ದೇ, ನಮ್ಮ ದೇಶದ್ದು. ವೀಕ್ಷಣೆಗಳ ಜೊತೆಗೆ ಜಾತಿಪುಟ, ನಕ್ಷೆ, ದಾಖಲೆ ಎಲ್ಲ ಒಂದೆಡೆ. ಕನ್ನಡ ಹೆಸರುಗಳನ್ನು ಸೇರಿಸಬಹುದು, ನಿಮ್ಮದೇ ಗುಂಪು ಮಾಡಿಕೊಳ್ಳಬಹುದು. ಇಲ್ಲಿನ ವೀಕ್ಷಣೆಗಳೂ ಜಿಬಿಐಎಫ್‌ಗೆ ಹೋಗುತ್ತವೆ. ಪ್ರಾಮಾಣಿಕ ದಾಖಲೆಯ ದೃಷ್ಟಿಯಿಂದ ಮೆಚ್ಚುವಂಥದ್ದು ಒಂದಿದೆ: ದಿನಾಂಕ ಖಚಿತವೋ ಅಂದಾಜೋ, ಜಾಗ ಎಷ್ಟು ನಿಖರ ಎಂದು ಹೇಳಲು ಪ್ರತ್ಯೇಕ ಜಾಗವಿದೆ. ಹಳೆಯ ಫೋಟೊಗಳನ್ನು ಏರಿಸುವವರಿಗೆ, ‘2011ರ ಮಳೆಗಾಲ, ಯಾಣದ ದಾರಿಯಲ್ಲಿ ಎಲ್ಲೋ’ ಎಂದಷ್ಟೇ ನೆನಪಿರುವವರಿಗೆ, ಸುಳ್ಳು ನಿಖರತೆ ತೋರಿಸದೆ ಬರೆಯಲು ಇದು ಅನುಕೂಲ.

ಆದರೆ ಗುರುತಿಸುವ ಕೈಗಳು ಐನ್ಯಾಚುರಲಿಸ್ಟ್‌ನಷ್ಟು ಇಲ್ಲ, ಉತ್ತರಕ್ಕೆ ಕಾಯಬೇಕಾಗಬಹುದು. ಕಾಯುವ ತಾಳ್ಮೆ ಇದ್ದು, ಒಂದು ಊರು ಅಥವಾ ಒಂದು ಕಾನಿನ ಸಸ್ಯಪಟ್ಟಿ ಕಟ್ಟುವ ಉದ್ದೇಶವಿದ್ದರೆ ಇದು ಹೊಂದುತ್ತದೆ. ಎರಡೂ ಕಡೆ ಒಂದೇ ವೀಕ್ಷಣೆ ಹಾಕುವುದು ಬೇಡ. ಜಿಬಿಐಎಫ್‌ನಲ್ಲಿ ಒಂದು ಮರ ಎರಡಾಗಿ ಎಣಿಕೆಯಾಗುತ್ತದೆ.

ಸೀಸನ್‌ವಾಚ್: ಜಾತಿ ಗೊತ್ತಿರುವ ಮರಕ್ಕೆ

ಗುರುತಿಸುವುದು ಕಷ್ಟ, ಆದರೆ ಪ್ರತಿ ವಾರ ಹತ್ತು ನಿಮಿಷ ಕೊಡಬಲ್ಲೆ ಎನ್ನುವವರಿಗೆ ಇದು ಅತ್ಯುತ್ತಮ. ಹಲಸು, ಮಾವು, ಕಕ್ಕೆ, ಹುಣಸೆ, ಹೊಂಗೆಯಂಥ ಪರಿಚಿತ ಮರ ಒಂದನ್ನು ಆರಿಸಿ, ವಾರಕ್ಕೊಮ್ಮೆ ಚಿಗುರು, ಬಲಿತ ಎಲೆ, ಮೊಗ್ಗು, ಹೂ, ಕಾಯಿ, ಹಣ್ಣು ಇಲ್ಲವೇ, ಸ್ವಲ್ಪವೇ, ಬಹಳವೇ ಎಂದು ಬರೆಯುತ್ತೀರಿ. ಇಲ್ಲಿ ಅಪಾಯ ತಪ್ಪು ಹೆಸರಿನದ್ದಲ್ಲ, ತಪ್ಪಿದ ವಾರದ್ದು. ದಸರೆ ರಜೆಯಲ್ಲಿ ನೋಡದೆ ಬಿಟ್ಟ ಎರಡು ವಾರವನ್ನು ನೆನಪಿನಿಂದ ತುಂಬಿದರೆ ಆ ಮರದ ವರ್ಷದ ಲೆಕ್ಕ ಕೆಟ್ಟಿತು. ಖಾಲಿ ಬಿಡಿ. ನೋಡಿದ್ದೀರಿ, ಹೂ ಇಲ್ಲ ಎಂದಾದರೆ ‘ಇಲ್ಲ’ ಎಂದೇ ಬರೆಯಿರಿ; ಖಾಲಿಗೂ ‘ಇಲ್ಲ’ಕ್ಕೂ ಬಹಳ ವ್ಯತ್ಯಾಸ. ಶಾಲೆಗಳಿಗೆ ಹೇಳಿಮಾಡಿಸಿದ್ದು, ಏಪ್ರಿಲ್–ಮೇ ರಜೆಯಲ್ಲಿ ನೋಡುವವರನ್ನು ಮೊದಲೇ ಗೊತ್ತುಮಾಡಿಕೊಂಡರೆ. ಹಲಸು, ಮಾವು ಹಣ್ಣಾಗುವುದು ಆಗಲೇ ತಾನೇ.

ಒಣಗಿಸಿದ ಮಾದರಿ

ಕೆಲವು ಗಿಡಗಳಿಗೆ ಫೋಟೊ ಎಂದೂ ಸಾಲದು. ಮುರ್ಡೇಶ್ವರ, ಭಟ್ಕಳ ಕಡೆಯ ಮುರಕಲ್ಲು ಬಯಲಿನಲ್ಲಿ ಮಳೆಗಾಲ ಅರಳುವ ಎರಿಯೊಕಾಲಾನ್ ಎಂಬ ಪುಟ್ಟ ಗಿಡಗಳಿಗೆ ಹೂವಿನ ಸೂಕ್ಷ್ಮ ಭಾಗ, ಬೀಜದ ಮೇಲ್ಮೈ ನೋಡಬೇಕು. ಹುಲ್ಲು, ಜೇಕುಗಳದ್ದೂ ಅದೇ ಕತೆ. ಇಂಥವನ್ನು ಫೋಟೊದಿಂದ ಜಾತಿ ಮಟ್ಟಕ್ಕೆ ಹೆಸರಿಸಿದವರನ್ನು ಕಂಡರೆ ಸ್ವಲ್ಪ ಅನುಮಾನದಿಂದಲೇ ನೋಡಿ.

ಬೇಕಾದದ್ದು 30 × 45 ಸೆಂಟಿಮೀಟರಿನ ಎರಡು ಪ್ಲೈವುಡ್ ಹಲಗೆ, ಬೆಲ್ಟು, ಹಳೆ ಪತ್ರಿಕೆ. ಕರಾವಳಿಯ ಮಳೆಗಾಲದಲ್ಲಿ ಕೆಡುವುದು ಒಂದೇ ಕಾರಣಕ್ಕೆ: ಕಾಗದ ಬದಲಿಸದೆ ಬೂಷ್ಟು ಹಿಡಿಯುತ್ತದೆ. ಮೊದಲ ನಾಲ್ಕು ದಿನ ದಿನಾ ಕಾಗದ ಬದಲಿಸಿ, ಆಮೇಲೆ ದಿನ ಬಿಟ್ಟು ದಿನ. ಒಲೆ ಮೇಲಿನ ಅಟ್ಟದ ಬಿಸಿಯಲ್ಲಿಟ್ಟರೆ ಬೇಗ ಆಗುತ್ತದೆ. ಅಡಿಕೆ ಡ್ರೈಯರ್‌ನ ತೀರಾ ಬಿಸಿ ಮೂಲೆ ಬೇಡ, ಎಲೆ ಕಪ್ಪಾಗಿ ಪುಡಿಯಾಗುತ್ತದೆ. ಹೂವಿನ ಬಣ್ಣ, ಹಾಲು ಬರುತ್ತದೆಯೇ, ಮರದ ಎತ್ತರ ಒಣಗಿದ ಮೇಲೆ ತಿಳಿಯುವುದಿಲ್ಲ. ಕಿತ್ತ ಜಾಗದಲ್ಲೇ ಬರೆಯಿರಿ. ಮೀಸಲು ಅರಣ್ಯ, ಅಭಯಾರಣ್ಯ, ಕಾಳಿ ಹುಲಿ ಮೀಸಲಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಕೀಳುವಂತಿಲ್ಲ. ಒಂದೇ ಗಿಡ ಇದ್ದರೆ ಅನುಮತಿ ಇದ್ದರೂ ಬೇಡ.

ಹವ್ಯಾಸಿ ಒಬ್ಬರೇ ಇದಕ್ಕೆ ಕೈಹಾಕುವುದಕ್ಕಿಂತ ಶಿರಸಿಯ ಅರಣ್ಯ ಕಾಲೇಜಿನಂಥ ಕಡೆ ಸಸ್ಯಶಾಸ್ತ್ರ ಬಲ್ಲವರ ಜೊತೆ ಮಾಡುವುದು ಲೇಸು. ಹೋಲಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯ ಮಾದರಿ ಸಂಗ್ರಹ ಆನ್‌ಲೈನ್‌ನಲ್ಲಿ ಸಿಗುತ್ತದೆ. ನಮ್ಮ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾರಣ ‘ನಾರ್ತ್ ಕೆನರಾ’ ಎಂದು ಚೀಟಿ ಇರುವ ಹಳೆಯ ಮಾದರಿಗಳನ್ನು ಮುಂಬಯಿ, ಪುಣೆ ಕಡೆಯ ಸಂಗ್ರಹಗಳಲ್ಲೂ ಹುಡುಕಬೇಕು.

ಪಂಚಾಯ್ತಿಯ ಜನತಾ ಜೀವವೈವಿಧ್ಯ ದಾಖಲಾತಿ

2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಸ್ಥಳೀಯ ಸಂಸ್ಥೆಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಇಡಬೇಕಾದ ದಾಖಲೆ ಇದು. ಗಿಡದ ಜೊತೆ ಅದರ ಬಳಕೆ, ಊರಿನ ಹೆಸರು, ಅದನ್ನು ಬಲ್ಲವರ ತಿಳಿವು ಇಲ್ಲಿ ಸೇರುತ್ತದೆ. ಆ್ಯಪ್‌ಗಳು ಇದನ್ನು ಹಿಡಿಯಲಾರವು. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರಂಥವರ ತಲೆಯಲ್ಲಿದ್ದ ಕಾಡಿನ ಲೆಕ್ಕ ಯಾವ ಫೋಟೊದಲ್ಲೂ ಸಿಗುವಂಥದ್ದಲ್ಲ. ಕೆಡುವುದು ಎರಡು ಕಡೆ: ಪಕ್ಕದ ಪಂಚಾಯ್ತಿಯ ಪಟ್ಟಿಯನ್ನೇ ನಕಲು ಮಾಡಿದಾಗ, ಮತ್ತು ಬರೇ ಊರಿನ ಹೆಸರಿನಲ್ಲಿ ನಿಲ್ಲಿಸಿದಾಗ. ‘ಹೊನ್ನೆ’ ಎಂದು ಬರೆದರೆ ದೀಪದ ಎಣ್ಣೆ ಕೊಡುವ ಕರಾವಳಿಯ ಕ್ಯಾಲೊಫಿಲ್ಲಮ್ಮೋ, ಘಟ್ಟದ ಮರಮುಟ್ಟಿನ ಟೆರೊಕಾರ್ಪಸ್ಸೋ? ಹೇಳಿದವರ ಭಾಷೆ (ಹಾಲಕ್ಕಿ, ಹವಿಗನ್ನಡ, ಕೊಂಕಣಿ) ಮತ್ತು ಒಂದು ಫೋಟೊ ಸಂಖ್ಯೆ ಜೊತೆಗಿಡಿ. ಔಷಧಿ ಬಳಕೆಯನ್ನು ಹೇಳಿದವರ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಲದಲ್ಲಿ ಹಾಕಬೇಡಿ.

ಹಾಗಾದರೆ ಯಾರಿಗೆ ಯಾವುದು

ತಿಂಗಳಿಗೊಮ್ಮೆ ಚಾರಣ ಹೋಗುವವರಿಗೆ ಐನ್ಯಾಚುರಲಿಸ್ಟ್ ಒಂದೇ ಸಾಕು, ದಿನಕ್ಕೆ ಐವತ್ತು ಅರೆಬರೆ ದಾಖಲೆಗಿಂತ ಹತ್ತು ಪೂರ್ತಿ ದಾಖಲೆ ಮಾಡಿ. ಸ್ವಂತ ತೋಟ, ಬೆಟ್ಟ ಇರುವವರು ಹೊತ್ತು ಇದ್ದರೆ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಒಂದು ಪಟ್ಟಿ ಕಟ್ಟಿ, ಎರಡು ಮರಕ್ಕೆ ಸೀಸನ್‌ವಾಚ್ ಸೇರಿಸಲಿ. ಶಾಲೆಗೆ ಸೀಕ್ ಮತ್ತು ಸೀಸನ್‌ವಾಚ್. ಕಾರವಾರದ ಕಾಂಡ್ಲಾ ಕಾಡು, ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಗುಂಪಾಗಿ ಕೆಲಸ ಮಾಡುವವರು ಐನ್ಯಾಚುರಲಿಸ್ಟ್‌ನಲ್ಲಿ ಒಂದು ಪ್ರಾಜೆಕ್ಟ್ ತೆರೆದು, ಹೂ ಅಥವಾ ಕಾಯಿಯ ಫೋಟೊ ಇಲ್ಲದ ರೈಜೋಫೊರಾವನ್ನು ಕುಲದ ಮಟ್ಟದಲ್ಲೇ ನಿಲ್ಲಿಸುವ ನಿಯಮ ಮೊದಲೇ ಮಾಡಿಕೊಳ್ಳಲಿ. ಕತ್ತಲೆಕಾನಿನಂಥ ಜಡ್ಡಿಯಲ್ಲಿ (ಜೌಗು ಕಾಡಿನಲ್ಲಿ) ಎಲ್ಲ ದಾಖಲೆಯೂ ಮಸುಕಾಗಿಯೇ ಇರಲಿ.

ಎಲ್ಲರಿಗೂ ಹೇಳಬೇಕಾದ ಮೂರು ತಾಂತ್ರಿಕ ಮಾತು. ವಾಟ್ಸಾಪ್‌ನಲ್ಲಿ ಬಂದ ಫೋಟೊದಲ್ಲಿ ದಿನಾಂಕ, ಜಾಗದ ಮಾಹಿತಿ ಅಳಿಸಿಹೋಗಿರುತ್ತದೆ. ಹಂಚುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಮತ್ತು ತೆಗೆದವರೇ ತಮ್ಮ ಖಾತೆಯಿಂದ ಏರಿಸಲಿ. ದಟ್ಟ ಮರದಡಿ ಜಿಪಿಎಸ್ ಹತ್ತಾರು ಮೀಟರ್ ತಪ್ಪುತ್ತದೆ, ಒಂದು ನಿಮಿಷ ನಿಂತು ನಿಖರತೆಯ ಅಂಕಿ ಇಳಿದ ಮೇಲೆ ಫೋಟೊ ತೆಗೆಯಿರಿ. ಇಳಿಯದಿದ್ದರೆ ಚುಕ್ಕೆಯನ್ನು ಚೆಂದದ ಜಾಗಕ್ಕೆ ಎಳೆಯದೆ ಸುತ್ತಿನ ವೃತ್ತವನ್ನೇ ದೊಡ್ಡದು ಮಾಡಿ. ವರ್ಷಕ್ಕೊಮ್ಮೆ ನಿಮ್ಮ ದಾಖಲೆಗಳನ್ನು ಕಡತವಾಗಿ ಇಳಿಸಿ, ಮೂಲ ಫೋಟೊಗಳ ಜೊತೆ ಬೇರೊಂದು ಡಿಸ್ಕಿನಲ್ಲಿ ಇಟ್ಟುಕೊಳ್ಳಿ.